ಹಡಗಿನ ಮೇಲೆ ಅತ್ತೆಯ ಒಪ್ಪತ್ತು

ಹೊರಡುವ ಮುಂಚೆ

ಆಫ್ರಿಕಾಕ್ಕೆ ಹೋಗಿ ಬಂದೆ ಎಂದರೆ ಮಾರೇನಹಳ್ಳಿಯಲ್ಲಿ ಎಲ್ಲರೂ ಕೇಳುವುದು ಒಂದೇ ಮಾತು: "ಸಿಂಹ ನೋಡಿದ್ರಾ ಟೀಚರಮ್ಮಾ?" ಇಲ್ಲಪ್ಪ, ನೋಡಲಿಲ್ಲ. ನೋಡುವ ಆಸೆಯೂ ಇರಲಿಲ್ಲ. ನಾನು ನೋಡಿ ಬಂದದ್ದು ಸೂರ್ಯನನ್ನು. ಅವನನ್ನು ನೋಡಲು ಅಷ್ಟು ದೂರ ಹೋಗಬೇಕಿತ್ತೇ, ನಮ್ಮ ಹಿತ್ತಲಿಗೇ ದಿನಾ ಬರುತ್ತಾನಲ್ಲ ಎಂದು ನಗುವವರು ಸ್ವಲ್ಪ ತಾಳಿ. ಪೂರ್ತಿ ಕೇಳಿದ ಮೇಲೆ ನಗುವಿರಂತೆ.

ನನ್ನ ಗಂಡ ಮೊಂಬಾಸಾದ ರೈಲು ಯಾರ್ಡಿನಲ್ಲಿ ಫಿಟ್ಟರ್ ಕೆಲಸಕ್ಕೆ ಹೋಗಿ ಕೆಲವು ವರ್ಷವಾಗಿತ್ತು. ನಾನು ಇಲ್ಲಿ ಮಿಡ್ಲ್ ಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುತ್ತ, ಅವರ ತಾಯಿ ಪುಟ್ಟಮ್ಮನವರ ಜೊತೆ ಇದ್ದೆ. ಸಂಕ್ರಾಂತಿ ಕಳೆದ ಮೇಲೆ ಒಂದು ತಂತಿ ಬಂತು. ಕರುಳಿನ ಆಪರೇಷನ್ ಆಗಿದೆ, ಸ್ಥಿತಿ ಚೆನ್ನಾಗಿಲ್ಲ, ಮನೆಯವರು ಹೊರಟು ಬರಬೇಕು. ಬೇಸಿಗೆ ರಜೆಗೆ ಹೋಗೋಣವೆಂದು ಪಾಸ್‌ಪೋರ್ಟು ಮಾಡಿಸಿಟ್ಟಿದ್ದೆವು, ಆದ್ದರಿಂದ ಬಚಾವಾದೆವು.

ಅತ್ತೆ ಅಳಲಿಲ್ಲ. ನೀರು ಹಾಕಿಕೊಂಡು ಬಂದು, ದೇವರ ಗೂಡಿನ ಮುಂದೆ ನಿಂತು, "ಮಗನ ಮುಖ ಕಣ್ಣಾರೆ ನೋಡೋಗಂಟ ಒಪ್ಪತ್ತು ಇರ್ತೀನಿ" ಎಂದು ಹರಸಿಕೊಂಡರು. ನಮ್ಮಲ್ಲಿ ಒಪ್ಪತ್ತು ಎಂದರೆ ದಿನಕ್ಕೆ ಒಂದೇ ಊಟ. ಅದೂ ಹೊತ್ತು ನೆತ್ತಿಗೆ ಬಂದ ಮೇಲೆ. ಅದಕ್ಕೆ ಮುಂಚೆ ಒಂದು ಅಗುಳೂ ಬಾಯಿಗೆ ಹೋಗಬಾರದು.

ಊರಿನಲ್ಲಿ ಇದೇನೂ ಕಷ್ಟವಲ್ಲ. ಹನ್ನೆರಡು ಗಂಟೆಗೆ ಬೆಂಗಳೂರಿನ ಮಿಲ್ಲಿನ ಸೈರನ್ ಕೂಗುತ್ತದೆ. ಅದು ಕೂಗಿದರೆ ಹೊತ್ತು ನೆತ್ತಿಗೆ ಬಂತು ಎಂದೇ ಲೆಕ್ಕ. ನಮ್ಮ ರಾಗಿ ಹೊಲದಲ್ಲಿ ಕಳೆ ಕೀಳುವವರು, ರಾಜಾಜಿನಗರದಲ್ಲಿ ಹೊಸ ಮನೆಗಳಿಗೆ ಗಾರೆ ಹಾಕುವವರು, ಎಲ್ಲರೂ ಅದು ಕೇಳಿದ ಮೇಲೆಯೇ ಬುತ್ತಿ ಬಿಚ್ಚುವುದು. ಸಮುದ್ರದ ಮೇಲೆ ಸೈರನ್ ಕೂಗುವವರು ಯಾರು ಎಂದು ಹೊರಡುವಾಗ ನಮಗಿಬ್ಬರಿಗೂ ಹೊಳೆಯಲಿಲ್ಲ.

ಬೊಂಬಾಯಿ

ಬೊಂಬಾಯಿಯ ಬಗ್ಗೆ ಬರೆಯುವಷ್ಟು ನಾನು ನೋಡಲಿಲ್ಲ. ನೆನಪಿರುವುದು ಒಬ್ಬ ಸುಂಕದ ಅಧಿಕಾರಿ. ನಮ್ಮ ಟ್ರಂಕಿನಲ್ಲಿ ಒಂದು ಡಬ್ಬದ ತುಂಬ ರಾಗಿ ಹುರಿಹಿಟ್ಟು ಇತ್ತು. ಅತ್ತೆ ಹಡಗಿನ ಅಡುಗೆ ಮುಟ್ಟುವುದಿಲ್ಲವೆಂದು ತಂದದ್ದು. ಅವನು ಮುಚ್ಚಳ ತೆಗೆದು, ಬೆರಳಾಡಿಸಿ, ಇದೇನು ಸಿಮೆಂಟೋ ಎಂದು ಹಿಂದಿಯಲ್ಲಿ ಕೇಳಿದ. ಅತ್ತೆಗೆ ಹಿಂದಿ ಬಾರದು, ಆದರೆ ಮುಖ ನೋಡಿದರೆ ಸಾಕು. ಒಂದು ಚಿಟಿಕೆ ಹಿಟ್ಟಿಗೆ ಬೆಲ್ಲ ಸೇರಿಸಿ ಅವನ ಕೈಗೆ ಹಾಕಿ, "ತಿನ್ನಪ್ಪ, ಸಾಯಾಕಿಲ್ಲ" ಎಂದರು. ಪಾಪ, ತಿಂದ. ಆಮೇಲೆ ಇನ್ನೊಂದು ಚಿಟಿಕೆ ಕೇಳಿ ಇಸಿದುಕೊಂಡು ನಮ್ಮ ಟ್ರಂಕಿಗೆ ಸೀಮೆಸುಣ್ಣದ ಗುರುತು ಹಾಕಿದ. ಅವನು ಎಲ್ಲಿದ್ದರೂ ಚೆನ್ನಾಗಿರಲಿ.

ಅರಬ್ಬೀ ಸಮುದ್ರ

ಮೊದಲ ಸಂಜೆಯೇ ಹಡಗಿನ ಗೋಡೆಗೆ ಒಂದು ಸೂಚನೆ ಅಂಟಿಸಿದರು: ರಾತ್ರಿ ಎಲ್ಲರೂ ತಂತಮ್ಮ ಗಡಿಯಾರ ಅರ್ಧ ಗಂಟೆ ಹಿಂದಕ್ಕೆ ತಿರುಗಿಸಿಕೊಳ್ಳತಕ್ಕದ್ದು. ಪಡುವಣಕ್ಕೆ ಹೋಗುವವರ ಪದ್ಧತಿ ಇದು ಎಂದು ಅತ್ತೆಗೆ ಹೇಳಿದೆ. ಅವರಿಗೆ ಹಡಗಿನ ಮೇಲಿದ್ದ ನಂಬಿಕೆಯೆಲ್ಲ ಅಲ್ಲೇ ಹೊರಟುಹೋಯಿತು.

"ಯಾವನೋ ಒಬ್ಬ ಕೂತ್ಕೊಂಡು ಮುಳ್ಳು ತಿರುಗಿಸ್ತಾನೆ, ಇವರು ಗಂಟೆ ಬಾರಿಸ್ತಾರೆ, ಅದನ್ನ ಕೇಳಿ ನಾನು ಉಣ್ಬೇಕಾ? ಬುಡು ಬುಡು."

ಸರಿ, ನೆರಳು ನೋಡೋಣವೆಂದು ಇಬ್ಬರೂ ಡೆಕ್ಕಿಗೆ ಹೋದೆವು. ನೆಲವೇ ಓಲಾಡುವಾಗ ನೆರಳು ಎಲ್ಲಿ ನಿಲ್ಲುತ್ತದೆ? ಅತ್ತೆಯ ನೆರಳು ಒಮ್ಮೆ ಕಾಲ ಕೆಳಗೆ, ಒಮ್ಮೆ ಪಕ್ಕದ ಗುಜರಾತಿ ಹೆಂಗಸಿನ ಮಡಿಲಿಗೆ. ಆ ಹೆಂಗಸು ನಕ್ಕರು. ಅತ್ತೆ ನಗಲಿಲ್ಲ. ಸಮುದ್ರದ ಓಲಾಟಕ್ಕೆ ವಾಂತಿಯಾಗಿ ಅವರು ಆಗಲೇ ಸೋತಿದ್ದರು. ಒಂದು ಹೊತ್ತಿನ ಊಟವೂ ತಡವಾದರೆ ತಾಳುವ ಹಾಗಿರಲಿಲ್ಲ.

ಆಗ ನನ್ನೊಳಗಿನ ಭೂಗೋಳದ ಟೀಚರು ಎದ್ದುಕೂತಳು. ನಮ್ಮ ದೇಶದ ಗಡಿಯಾರ ನಡೆಯುವುದು ಎಂಬತ್ತೆರಡೂವರೆ ಡಿಗ್ರಿ ರೇಖಾಂಶಕ್ಕೆ. ಅಲ್ಲಿಂದ ಪಡುವಣಕ್ಕೆ ಒಂದು ಡಿಗ್ರಿ ಸರಿದರೆ ಮಧ್ಯಾಹ್ನ ನಾಲ್ಕು ನಿಮಿಷ ತಡ. ವರ್ಷ ವರ್ಷ ಬೋರ್ಡಿನ ಮೇಲೆ ಬರೆದು ಬರೆದು ಕೈ ಸವೆದಿದೆ. ಹಡಗು ಎಲ್ಲಿದೆ ಎಂದು ದಿನಾ ಒಂದು ನಕ್ಷೆಯ ಮೇಲೆ ಗುರುತು ಹಾಕುತ್ತಿದ್ದರು. ನನ್ನ ಕೈಗಡಿಯಾರ ಊರಿನ ಸಮಯದಲ್ಲೇ ಇತ್ತು. ಇನ್ನೇನು ಬೇಕು? ಲೆಕ್ಕ ಹಾಕಿ, ಗಡಿಯಾರ ನೋಡಿಕೊಂಡು, "ಈಗ ಉಣ್ಣಿ ಅತ್ತೆ" ಎಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ, ಹುರಿಹಿಟ್ಟಿಗೆ ಬೆಲ್ಲ ನೀರು ಕಲಸಿಕೊಂಡು ಉಂಡರು. ಓದಿದ ಸೊಸೆ ಎಂದು ಆ ಗುಜರಾತಿ ಹೆಂಗಸಿಗೆ ಕೈಸನ್ನೆಯಲ್ಲಿ ಹೇಳಿಯೂ ಹೇಳಿದರು. ಹೀಗೆ ಕೆಲವು ದಿನ ನಡೆಯಿತು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಒಂದು ದಿನ ಅತ್ತೆ ಉಂಡು ಕೈ ತೊಳೆದು ಮೇಲೆ ನೋಡಿದರು. ಹಡಗು ನಡೆಸುವ ಮೇಲಂತಸ್ತಿನ ಕಟಕಟೆಯ ಹತ್ತಿರ ಮೂವರು ಬಿಳಿ ಸಮವಸ್ತ್ರದವರು ಸಾಲಾಗಿ ನಿಂತು, ಹಿತ್ತಾಳೆಯ ಎಂಥದೋ ಉಪಕರಣ ಕಣ್ಣಿಗೆ ಹಿಡಿದುಕೊಂಡಿದ್ದರು. ಸ್ವಲ್ಪ ಹೊತ್ತಾದ ಮೇಲೆ ಅವರಲ್ಲೊಬ್ಬ ಕೆಳಗಿಳಿದು ಬಂದ. ಸೆಕೆಂಡ್ ಆಫೀಸರ್ ಮೆಕೇ ಎಂದು ಸ್ಕಾಟ್ಲೆಂಡಿನವನು, ಕೆಂಪು ಹುಬ್ಬು, ಉದ್ದ ಕಾಲು. ದಾರಿ ಲೆಕ್ಕ ಹಾಕುವುದು ಅವನ ಕೆಲಸ.

"ಅವರೇನು ನೋಡ್ತಿದ್ರು, ಕೇಳು" ಎಂದರು ಅತ್ತೆ. ಕೇಳಿದೆ.

"ಸೂರ್ಯ ನೆತ್ತಿಗೆ ಬರುವುದನ್ನು ಕಾಯುತ್ತಿದ್ದೆವು ಮೇಡಮ್. ಈಗ ತಾನೇ ಬಂದ."

ನನ್ನಲ್ಲಿ ಬೇಕಾದಷ್ಟು ಕೆಟ್ಟ ಗುಣಗಳಿವೆ. ಆದರೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿರುಚಿ ಹೇಳುವುದು ಬರುವುದಿಲ್ಲ. ಹೇಳಿಬಿಟ್ಟೆ.

ಅತ್ತೆ ಖಾಲಿ ತಟ್ಟೆ ನೋಡಿದರು. "ಹಂಗಾರೆ ನಾನು ಉಂಡಾಗ ಹೊತ್ತು ನೆತ್ತಿಗೆ ಬಂದಿರ್ಲಿಲ್ವಾ?"

ನಾನು ಕೈಗಡಿಯಾರ ನೋಡಿಕೊಂಡೆ.

"ಬೊಂಬಾಯಿ ಬುಟ್ಟಾಗ್ಲಿಂದ್ಲೂ ಹಿಂಗೇನಾ?"

ಹೌದು, ಹಾಗೇ ಇರಬೇಕು ಎಂದೆ. ಅವರು ಒಂದು ಬಿರುನುಡಿ ಆಡಲಿಲ್ಲ. ಆಡಿದ್ದರೆ ನಾನೂ ತಿರುಗಿ ಆಡಿ ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದೆ. ಸೀದಾ ಕ್ಯಾಬಿನ್ನಿಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದರು.

ಅದೇ ಸಮುದ್ರ, ಮುಚ್ಚಿದ ಬಾಗಿಲು

"ಕೆಟ್ಟ ಒಪ್ಪತ್ತಿಗೆಲ್ಲ ಪೂರಾ ಉಪವಾಸ ಇದ್ದು ತೀರಿಸ್ತೀನಿ" ಎಂದರು ಅತ್ತೆ. ಮರುದಿನ ನೀರು ಬಿಟ್ಟು ಏನೂ ಮುಟ್ಟಲಿಲ್ಲ.

"ನೀವು ಉಣ್ಣಲ್ಲ ಅಂದ್ರೆ ನಾನೂ ಉಣ್ಣಲ್ಲ" ಎಂದೆ.

"ಬುಡು, ನಿನ್ನಿಷ್ಟ."

ಹೀಗೆ ಒಂದು ಗುಬ್ಬಿಗೂಡಿನಂಥ ಕ್ಯಾಬಿನ್ನಿನಲ್ಲಿ ಇಬ್ಬರು ಹೆಂಗಸರು ಹೊಟ್ಟೆಗಿಲ್ಲದೆ ಮೂತಿ ಉಬ್ಬಿಸಿಕೊಂಡು ಮಲಗಿದೆವು. ಗುಜರಾತಿ ಹೆಂಗಸು ಬಾಗಿಲಲ್ಲಿ ಮಜ್ಜಿಗೆಯ ಲೋಟ ಇಟ್ಟು ಹೋದರು. ಅದು ಅಲ್ಲೇ ಹುಳಿಯಾಯಿತು. ಸಂಜೆ ಹಡಗಿನ ಡಾಕ್ಟರು ಬಂದು ಅತ್ತೆಯ ನಾಡಿ ಹಿಡಿದರು. ಮುಖ ಗಂಟಿಕ್ಕಿತು. ನಾಳೆಯೂ ಊಟ ಮಾಡದಿದ್ದರೆ ಸೇಶೆಲ್ಸ್ ದ್ವೀಪದಲ್ಲಿ ಇಳಿಸಿ ಅಲ್ಲಿನ ಆಸ್ಪತ್ರೆಗೆ ಸೇರಿಸುತ್ತೇನೆ, ಜವಾಬ್ದಾರಿ ಹೊರಲಾರೆ ಎಂದರು. ಅಲ್ಲಿಂದ ಮುಂದಿನ ಹಡಗು ಯಾವಾಗ ಎಂದು ಕೇಳಿದೆ. ತಿಂಗಳಾಗಬಹುದು ಎಂದರು.

ತಿಂಗಳು! ಅತ್ತ ಮೊಂಬಾಸಾದಲ್ಲಿ ಮಗ ಇದ್ದಾನೋ ಇಲ್ಲವೋ ಗೊತ್ತಿಲ್ಲ. ಇತ್ತ ತಾಯಿ ನಡುನೀರಿನ ಒಂದು ದ್ವೀಪದಲ್ಲಿ. ಭಯವಾದರೆ ನನಗೆ ಸಿಟ್ಟು ಬರುತ್ತದೆ, ಅದು ಹುಟ್ಟುಗುಣ. ನನ್ನ ಲೆಕ್ಕದ ಹಾಳೆ ಹಿಡಿದುಕೊಂಡು ಹೋಗಿ ಮೆಕೇಯನ್ನು ಹುಡುಕಿ ಊಟದ ಕೋಣೆಯ ಬಾಗಿಲಲ್ಲೇ ತರಾಟೆಗೆ ತೆಗೆದುಕೊಂಡೆ. ನಿಮ್ಮ ಸೂರ್ಯ ಕಾಲು ಗಂಟೆ ತಡವಾಗಿ ಯಾಕೆ ಬಂದ, ಹೇಳಿ. ಅದಕ್ಕೆ ನಮ್ಮತ್ತೆ ಪ್ರಾಣ ಬಿಡ್ತಾ ಇದಾರೆ.

ಬೇರೆಯವರಾಗಿದ್ದರೆ ನಕ್ಕುಬಿಡುತ್ತಿದ್ದರು. ಅವನು ಒಪ್ಪತ್ತು ಎಂದರೇನು ಎಂದು ಕೇಳಿದ. ಹೇಳಿದೆ. ತಲೆಯಾಡಿಸಿ, ತನ್ನ ತಾಯಿ ಭಾನುವಾರ ಒಲೆಯನ್ನೇ ಹಚ್ಚುವುದಿಲ್ಲ, ಶನಿವಾರ ಮಾಡಿಟ್ಟ ಸಾರನ್ನೇ ತಣ್ಣಗೆ ಕುಡಿಯುತ್ತಾಳೆ, ಹಿಮ ಬೀಳುವಾಗಲೂ ಅಷ್ಟೇ, ಎಂದ. ಆಮೇಲೆ ನನ್ನ ಹಾಳೆಯನ್ನು ದೀಪದ ಕೆಳಗೆ ಹಿಡಿದು ಸಾಲು ಸಾಲಾಗಿ ನೋಡಿದ.

"ಲೆಕ್ಕದಲ್ಲಿ ಒಂದೂ ತಪ್ಪಿಲ್ಲ ಮೇಡಮ್. ಆದರೆ ಇದು ಬೇರೆ ಸೂರ್ಯನ ಲೆಕ್ಕ."

ಅವನು ವಿವರಿಸಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಭೂಮಿ ಸೂರ್ಯನನ್ನು ಸುತ್ತುವ ದಾರಿ ಸರಿಯಾದ ದುಂಡಲ್ಲ. ಹತ್ತಿರ ಬಂದಾಗ ಜೋರಾಗಿ ಓಡುತ್ತದೆ, ದೂರ ಹೋದಾಗ ನಿಧಾನ. ಸಾಲದ್ದಕ್ಕೆ ಓರೆಯಾಗಿ ನಿಂತು ತಿರುಗುತ್ತದೆ. ಈ ಎರಡೂ ಸೇರಿ, ಒಂದು ಮಧ್ಯಾಹ್ನದಿಂದ ಇನ್ನೊಂದು ಮಧ್ಯಾಹ್ನಕ್ಕೆ ವರ್ಷವಿಡೀ ಒಂದೇ ಅಳತೆ ಇರುವುದಿಲ್ಲ. ಗಡಿಯಾರಕ್ಕೆ ಇದೆಲ್ಲ ಆಗದು. ಅದಕ್ಕೆ ಒಂದೇ ವೇಗದಲ್ಲಿ ನಡೆಯುವ ಸೂರ್ಯನೊಬ್ಬನನ್ನು ಮನುಷ್ಯರು ಮನಸ್ಸಿನಲ್ಲೇ ಮಾಡಿಕೊಂಡಿದ್ದಾರೆ. ಆ ಸೂರ್ಯನಿಗೂ ಆಕಾಶದ ಸೂರ್ಯನಿಗೂ ಇರುವ ವ್ಯತ್ಯಾಸಕ್ಕೆ ಈಕ್ವೇಷನ್ ಆಫ್ ಟೈಮ್ ಎಂದು ಹೆಸರು. ನಾವಿಕರ ಪಂಚಾಂಗದಲ್ಲಿ ಅದಕ್ಕೊಂದು ಕಾಲಮ್ಮೇ ಇದೆ. ಫೆಬ್ರವರಿಯಲ್ಲಿ ನಿಜವಾದ ಸೂರ್ಯ ಹದಿನಾಲ್ಕು ನಿಮಿಷ ಹಿಂದೆ ಬೀಳುತ್ತಾನೆ. ನವೆಂಬರಿನಲ್ಲಿ ಅದಕ್ಕಿಂತ ಹೆಚ್ಚೇ ಮುಂದೆ ಓಡುತ್ತಾನೆ.

"ಆ ತಾಯಿಗೆ ಅದು ಒಂದು ಊಟ. ನಾನು ಆ ಕಾಲಮ್ಮು ಮರೆತರೆ ಹಡಗು ಇರುವ ಜಾಗ ಇನ್ನೂರು ಮೈಲಿ ತಪ್ಪುತ್ತದೆ" ಎಂದ ಮೆಕೇ. ಇಷ್ಟು ವರ್ಷ ಪಾಠ ಮಾಡಿದೆ, ಈ ಸಂಗತಿ ಪಠ್ಯಪುಸ್ತಕದಲ್ಲಿ ಇರಲಿಲ್ಲ, ನಾನು ಕೇಳಿಯೂ ಇರಲಿಲ್ಲ.

ಪಂಚಾಂಗ ಹಿಡಿದುಕೊಂಡು ಅವನೇ ನಮ್ಮ ಕ್ಯಾಬಿನ್ನಿಗೆ ಬಂದ. ಅತ್ತೆ ಸೆರಗು ಸರಿಮಾಡಿಕೊಂಡರು, ಏಳಲಿಲ್ಲ. ನಾನು ಅತ್ತೆಗೆ ತಿಳಿಯುವ ಹಾಗೆ ಹೇಳಿದೆ: "ನೋಡಿ ಅತ್ತೆ, ಗಡಿಯಾರದ ಸೂರ್ಯ ಸರ್ಕಾರಿ ಗುಮಾಸ್ತನ ಹಂಗೆ, ದಿನಾ ಒಂದೇ ಟೈಮಿಗೆ ಬರ್ತಾನೆ. ನಿಜವಾದ ಸೂರ್ಯ ನಮ್ಮ ಹೊಲದ ಆಳಿನ ಹಂಗೆ. ಒಂದು ತಿಂಗಳು ಬೇಗ, ಒಂದು ತಿಂಗಳು ತಡ, ಕೆಲಸ ಮಾತ್ರ ಬಿಡಲ್ಲ."

ಅತ್ತೆ ಯೋಚಿಸಿದರು. ಆಮೇಲೆ ಕೇಳಿದ್ದು ನಾನು ಎಣಿಸದ ಪ್ರಶ್ನೆ. "ಅಲ್ಲ ಕಣೇ, ಊರಲ್ಲೂ ಹಿಂಗೇನಾ? ಸೈರನ್ನು ಸರ್ಯಾಗಿ ಕೂಗ್ತದಾ?"

ಮೆಕೇ ಬೆಂಗಳೂರಿನ ರೇಖಾಂಶ ಕೇಳಿದ. ಎಪ್ಪತ್ತೇಳೂವರೆ ಎಂದೆ. ಸೈರನ್ ಎಷ್ಟು ಗಂಟೆಗೆ? ಹನ್ನೆರಡಕ್ಕೆ. ಪೆನ್ಸಿಲಿನಲ್ಲಿ ಏನೋ ಬರೆದು, ಪುಟ ತಿರುವಿ, ಮತ್ತೆ ಬರೆದ. ಹಾಳೆಯನ್ನು ನನ್ನ ಕಡೆ ತಿರುಗಿಸಿ, "ಹೇಳುವುದೋ ಬಿಡುವುದೋ ನಿಮಗೆ ಸೇರಿದ್ದು" ಎಂದು ಮೆಲ್ಲಗೆ ಹೇಳಿದ.

ನೋಡಿದೆ. ನಮ್ಮೂರು ನಮ್ಮ ದೇಶದ ಗಡಿಯಾರದ ರೇಖೆಗಿಂತ ಐದು ಡಿಗ್ರಿ ಪಡುವಣಕ್ಕಿದೆ. ಅಲ್ಲಿಗೇ ಇಪ್ಪತ್ತು ನಿಮಿಷ ತಡ. ಬೋರ್ಡಿನ ಮೇಲಿನ ಲೆಕ್ಕವನ್ನು ನಮ್ಮೂರಿನ ಸೈರನ್ನಿಗೆ ಹಚ್ಚಿ ನೋಡಬೇಕೆಂದು ನನಗೆ ಎಂದೂ ಹೊಳೆದಿರಲಿಲ್ಲ. ಕಾರ್ತಿಕದಲ್ಲಿ ಸೂರ್ಯ ಎಷ್ಟೇ ಓಡಿದರೂ ಸೈರನ್ ಕೂಗಿ ಮೂರು ನಾಲ್ಕು ನಿಮಿಷ ಆದ ಮೇಲೆಯೇ ನೆತ್ತಿಗೆ ಬರುವುದು. ಮಾಘದಲ್ಲಂತೂ ಅರ್ಧ ಗಂಟೆಗೂ ಮೇಲೆ. ವರ್ಷದ ಒಂದು ದಿನವೂ ಹನ್ನೆರಡರ ಸೈರನ್ನಿಗೆ ನಮ್ಮೂರಿನಲ್ಲಿ ಸೂರ್ಯ ನೆತ್ತಿಗೆ ಬಂದಿರುವುದಿಲ್ಲ. ಅಂದರೆ ಅತ್ತೆ ಸೈರನ್ ಕೇಳಿ ಹಿಡಿದ ಒಪ್ಪತ್ತುಗಳಲ್ಲಿ ಒಂದೂ ಸರಿಯಿಲ್ಲ.

ಬಚ್ಚಿಡಬಹುದಿತ್ತು. ಆದರೆ ಅವರು ನನ್ನ ಮುಖ ನೋಡುತ್ತಿದ್ದರು. ಹೇಳಿದೆ. ಹೇಳುತ್ತಾ ನನಗೇ ಅಳು ಬಂತು. ಇನ್ನು ಈ ಮುದುಕಿ ಏಳುವುದಿಲ್ಲ ಎಂದುಕೊಂಡೆ.

ಆಮೇಲೆ ಅತ್ತೆ ಮೇಲಿನ ತಗಡಿನ ಕಡೆ ನೋಡುತ್ತ ಹೇಳಿದರು: "ನಿನ್ನ ಗಂಡಂಗೆ ಮೂರು ವರ್ಷ ಇದ್ದಾಗ ಮೈಮೇಲೆ ಅಮ್ಮ ಎದ್ದಿತ್ತು. ಕಣ್ಣು ಬಿಡ್ತಿರ್ಲಿಲ್ಲ ಮಗ. ಆಗ್ಲೂ ಒಪ್ಪತ್ತು ಹಿಡಿದೆ, ಆಗ್ಲೂ ಅದೇ ಮಿಲ್ಲಿನ ಕೂಗು ಕೇಳೇ ಉಂಡಿದ್ದು. ಬದುಕ್ಕೊಂಡ ಅಲ್ವಾ?"

"ಬದುಕಿದ್ರು ಅತ್ತೆ."

"ಹಂಗಾರೆ ಅಷ್ಟು ತಪ್ಪನ್ನೂ ದೇವ್ರು ಹೊಟ್ಟೆಗೆ ಹಾಕ್ಕೊಂಡವ್ನೆ." ಎದ್ದು ಕೂತು ಕೂದಲು ಗಂಟು ಕಟ್ಟಿಕೊಂಡರು. "ಗೊತ್ತಿಲ್ದೆ ಉಂಡಿದ್ದು ಒಂದು ತರ, ಗೊತ್ತಾದ್ಮ್ಯಾಲೆ ಇನ್ನೊಂದು ತರ. ನಾಳಿಕ್ಕೆ ಆ ಹಿತ್ತಾಳೇದ್ರಲ್ಲಿ ನಂಗೂ ತೋರಿಸ್ತಾನಾ, ಕೇಳು. ನೋಡಿ ಉಣ್ತೀನಿ."

ಕಪ್ತಾನನ ಅಂತಸ್ತು

ಹಡಗು ನಡೆಸುವ ಮೇಲಂತಸ್ತಿಗೆ ಪ್ರಯಾಣಿಕರನ್ನು ಬಿಡುವ ಪದ್ಧತಿಯಿಲ್ಲ. ಮೆಕೇ ಕಪ್ತಾನನಿಗೆ ಏನು ಹೇಳಿ ಒಪ್ಪಿಸಿದನೋ ನನಗೆ ಗೊತ್ತಿಲ್ಲ. ಮರುದಿನ ಅತ್ತೆ ಸೀರೆ ಎತ್ತಿಕಟ್ಟಿ ಕಬ್ಬಿಣದ ಏಣಿ ಹತ್ತಿದರು. ಹಿಂದೆ ನಾನು, ನನ್ನ ಹಿಂದೆ ಹುರಿಹಿಟ್ಟಿನ ತಟ್ಟೆ ಹಿಡಿದ ಗುಜರಾತಿ ಹೆಂಗಸು.

ಆ ಉಪಕರಣಕ್ಕೆ ಸೆಕ್ಸ್‌ಟಂಟ್ ಎನ್ನುತ್ತಾರೆ. ಅದರ ಕಪ್ಪು ಗಾಜಿನಲ್ಲಿ ನೋಡಿದರೆ ಆಕಾಶದ ಸೂರ್ಯ ಕೆಳಗಿಳಿದು ನೀರಿನ ಅಂಚಿನ ಮೇಲೆ ಕೂತ ಹಾಗೆ ಕಾಣುತ್ತದೆ. ಮೇಲೇರುತ್ತಿರುವ ತನಕ ಅಂಚು ಬಿಟ್ಟು ಏಳುತ್ತಾನೆ. ನೆತ್ತಿಗೆ ಬಂದಾಗ ಸ್ವಲ್ಪ ಹೊತ್ತು ಅಲ್ಲಾಡುವುದಿಲ್ಲ. ಆಮೇಲೆ ನೀರಿಗೆ ಅದ್ದುತ್ತಾನೆ. ಅಲ್ಲಿಗೆ ಮಧ್ಯಾಹ್ನ. ಮೆಕೇ ಅತ್ತೆಯ ಕೈಗೆ ಕೊಟ್ಟು, ಹಿಂದಿನಿಂದ ತಾನೂ ಹಿಡಿದುಕೊಂಡು, ತಿರುಗಣಿ ತಿರುಗಿಸಿ ಹೊಂದಿಸಿದ.

"ಅಯ್ಯೋ! ನೀರಿನ ಮ್ಯಾಲೆ ಕೂತವ್ನೆ ಕಣೇ! ಇಡ್ಲಿ ಹಂಗೆ!"

ಇನ್ನಿಬ್ಬರು ಆಫೀಸರರು ನಗು ತಡೆದುಕೊಂಡರು. ಅತ್ತೆ ಉಸಿರು ಬಿಗಿಹಿಡಿದರು. "ಏಳ್ತಾವ್ನೆ... ಏಳ್ತಾವ್ನೆ... ನಿಂತ." ಬಹಳ ಹೊತ್ತು ಏನಿಲ್ಲ. "ಇಳುದ!" ಎಂದು ಅತ್ತೆ, "ನೂನ್!" ಎಂದು ಪಕ್ಕದವನು, ಇಬ್ಬರೂ ಒಟ್ಟಿಗೆ ಕೂಗಿದರು.

ಕಪ್ತಾನನೇ ತನ್ನ ಕುರ್ಚಿ ತರಿಸಿದ. ಅತ್ತೆ ಅಲ್ಲೇ ಕೂತು ಉಂಡರು. ನಾನೂ ಉಂಡೆ. ಅಂಥ ಊಟ ನಾನು ಯಾವ ಮದುವೆ ಮನೆಯಲ್ಲೂ ಉಂಡಿಲ್ಲ. ಮೆಕೇಗೂ ಒಂದು ಉಂಡೆ ಕೊಟ್ಟರು. ಅವನಿಗೆ ಅದು ಇಷ್ಟವಾಗಲಿಲ್ಲ ಎಂದು ಕೆಂಪು ಹುಬ್ಬೇ ಹೇಳುತ್ತಿತ್ತು. ಆದರೂ ಪೂರ್ತಿ ತಿಂದ.

ಅಂದಿನಿಂದ ನಾವು ಕೆಳಗಿನ ಡೆಕ್ಕಿನಲ್ಲಿ ತಟ್ಟೆ ಇಟ್ಟುಕೊಂಡು ಕಾಯುವುದು, ಮೇಲಿನಿಂದ ಅವನು ಟೋಪಿ ತೆಗೆದು ಆಡಿಸುವುದು. ನಾನು ಅತ್ತೆ ಎನ್ನುವುದನ್ನು ಕೇಳಿ ಅದೇ ಅವರ ಹೆಸರೆಂದುಕೊಂಡು "ಮಿಸೆಸ್ ಅತ್ತೆ" ಎಂದು ಕೂಗುತ್ತಿದ್ದ. ನಾನು ತಿದ್ದಲಿಲ್ಲ.

ಸೇಶೆಲ್ಸ್

ದ್ವೀಪ ತಲುಪಿದ ದಿನ ಮಳೆ. ಬೆಟ್ಟ ಅರ್ಧ ಮೋಡದಲ್ಲಿ. ಡಾಕ್ಟರು ಬಂದು ಅತ್ತೆಯ ನಾಡಿ ನೋಡಿ, ಇಳಿಸುವ ಮಾತೆತ್ತದೆ ಹೋದರು. ನಾನು ಗೋಡೆಗೊರಗಿ ಉಸಿರು ಬಿಟ್ಟೆ.

ಆದರೆ ಸೂರ್ಯನ ಸುಳಿವೇ ಇಲ್ಲ. ಅತ್ತೆ ಮುಚ್ಚಿಟ್ಟ ತಟ್ಟೆಯ ಮುಂದೆ ಕೂತೇ ಇದ್ದರು. ನಮ್ಮೂರಿನ ಆಷಾಢದ ಮೋಡ ಹೀಗೇ, ಆದರೆ ಅಲ್ಲಿ ಸೈರನ್ ಇತ್ತು. ಇವತ್ತು ಮತ್ತೆ ಉಪವಾಸ ಎಂದುಕೊಂಡೆ. ಆಗ ರೇನ್‌ಕೋಟಿನಿಂದ ನೀರು ಸುರಿಸುತ್ತ ಮೆಕೇ ಬಂದ. ಕೈಯಲ್ಲಿ ಗಡಿಯಾರ. "ಇನ್ನೊಂದು ನಿಮಿಷ, ಮಿಸೆಸ್ ಅತ್ತೆ" ಎಂದು ಬೆರಳು ತೋರಿಸಿದ. ಆಮೇಲೆ, "ಈಗ."

"ಕಾಣ್ದೇ ಹೆಂಗೆ ಹೇಳ್ತಾನೆ?"

"ಈ ಜಾಗದ ರೇಖಾಂಶ ಗೊತ್ತು, ಇವತ್ತು ಸೂರ್ಯ ಎಷ್ಟು ತಡ ಅನ್ನೋದು ಪಂಚಾಂಗದಲ್ಲಿದೆ. ಎರಡೂ ಸೇರಿಸಿ ಹೇಳ್ತಿದಾರೆ. ನಾನು ಬಿಟ್ಟಿದ್ನಲ್ಲ, ಅದೂ ಸೇರಿದೆ."

ಅತ್ತೆ ಅವನ ತೊಯ್ದ ಮುಖ ನೋಡಿದರು. ಅವನಿಗೆ ಆ ಹೊತ್ತಿನಲ್ಲಿ ಸರಕು ಇಳಿಸುವ ಕೆಲಸವಿತ್ತು. ಊಟವೂ ಆಗಿರಲಿಲ್ಲ. ನಮ್ಮ ಜಾತಿಯಲ್ಲ, ನಮ್ಮ ಮಾತಲ್ಲ, ಈ ಹರಕೆಯಿಂದ ಅವನಿಗೆ ಆಗಬೇಕಾದ್ದೇನೂ ಇಲ್ಲ.

"ಅವನ ಬಾಯಲ್ಲಿ ಬಂದ್ರೆ ಸರಿ" ಎಂದು ಅತ್ತೆ ತಟ್ಟೆಗೆ ಕೈ ಹಾಕಿದರು. ಅಪ್ಪ, ನಿನ್ನ ಹೊಟ್ಟೆ ತಣ್ಣಗಿರಲಿ ಎಂದು ನಾನು ಮನಸ್ಸಿನಲ್ಲೇ ಹರಸಿದೆ. ಇವತ್ತಿಗೂ ಹರಸುತ್ತೇನೆ.

ಮೊಂಬಾಸಾ

ಬೆಳಿಗ್ಗೆ ಹಡಗು ಒಂದು ಕಿರಿದಾದ ಕಾಲುವೆಯೊಳಗೆ ನುಗ್ಗಿತು. ಎರಡು ಕಡೆಯೂ ತೆಂಗು. ಧಕ್ಕೆಯ ಮೇಲೆ ಜನವೋ ಜನ. ಅತ್ತೆ ಕಟಕಟೆ ಹಿಡಿದು ನಿಂತಿದ್ದರು. ನಾನು ಯಾರಾದರೂ ಅಪರಿಚಿತರು ನಮ್ಮ ಹೆಸರು ಬರೆದ ಹಲಗೆ ಹಿಡಿದು, ಮುಖ ಬಾಡಿಸಿಕೊಂಡು ನಿಂತಿದ್ದಾರೋ ಎಂದು ಹುಡುಕುತ್ತಿದ್ದೆ. ದೇವರೇ, ಆ ಹಲಗೆ ಕಾಣದಿರಲಿ ಎಂದು ಬೇಡುತ್ತಲೂ ಇದ್ದೆ.

ಮೆಟ್ಟಿಲಿಳಿದು ನೆಲ ಮುಟ್ಟಿದೆವು. ಒಂದು ಕಂಬಕ್ಕೆ ಒರಗಿ, ಕೈಯಲ್ಲಿ ದೊಣ್ಣೆ ಹಿಡಿದ ಒಬ್ಬ ಮುದುಕ ನಿಂತಿದ್ದ. ಅಂಗಿ ಗೂಟಕ್ಕೆ ನೇತುಹಾಕಿದ ಹಾಗೆ ಜೋತಾಡುತ್ತಿತ್ತು. ನಾನು ಅವನನ್ನು ದಾಟಿ ಮುಂದಕ್ಕೆ ನೋಡಿದೆ. ಅತ್ತೆ ದಾಟಲಿಲ್ಲ. ಅಲ್ಲೇ ನಿಂತುಬಿಟ್ಟರು. ಅದು ಮುದುಕನಲ್ಲ, ನನ್ನ ಗಂಡ.

ಬಗ್ಗಿ ಕಾಲು ಮುಟ್ಟಲು ಅವರಿಗೆ ಆಗಲಿಲ್ಲ. ಹೊಲಿಗೆ ಇನ್ನೂ ಹಸಿ. ಅತ್ತೆಯ ಕೈ ಹಿಡಿದುಕೊಂಡು, ಆಗ ತಾನೇ ಹೊಲದಿಂದ ಬಂದವರ ಹಾಗೆ ಕೇಳಿದರು:

"ಅವ್ವಾ, ಊಟ ಆಯ್ತೇನವ್ವಾ?"

ತಂತಿ ಬಂದ ದಿನದಿಂದ ಒಂದು ಹನಿ ಕಣ್ಣೀರು ಹಾಕದ ಅತ್ತೆ ಅಲ್ಲೇ ಟ್ರಂಕಿನ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತರು. "ಇಲ್ಲ ಕಣಪ್ಪಾ, ಇನ್ನೂ ಇಲ್ಲ. ನಿಂಗೇ ಕಾಯ್ತಿದ್ದೆ."

ನನ್ನ ಗಂಡ ನಮಗೆಂದು ಬಾಳೆಹಣ್ಣು ತಂದಿದ್ದರು. ಅತ್ತೆ ಒಂದನ್ನು ಸುಲಿದು, ಮುರಿದು ಮಗನ ಬಾಯಿಗಿಟ್ಟರು, ಇನ್ನೊಂದು ಚೂರು ನನ್ನ ಬಾಯಿಗೆ. ಉಳಿದದ್ದನ್ನು ಅಳುತ್ತಳುತ್ತಲೇ ತಾವು ತಿಂದರು. ಬಿಸಿಲು ಇನ್ನೂ ತೆಂಗಿನ ಮರಗಳ ಹಿಂದೆಯೇ ಇತ್ತು. ಆಗ ಗಂಟೆ ಎಷ್ಟಾಗಿತ್ತು ಎಂದು ನನ್ನನ್ನು ಕೇಳಬೇಡಿ. ನಾನು ನೋಡಲಿಲ್ಲ.